ಮೊದಲು ಫಾರ್ಮ್, ಆಮೇಲೆ ಉಳಿತಾಯ: ಹೊರದೇಶದಲ್ಲಿ ದುಡಿಯುವ ಅಮೆರಿಕನ್ನರ ನಿವೃತ್ತಿಯ ದುಡ್ಡು

2019ರ ಮೇ ತಿಂಗಳಲ್ಲಿ ನಾನು ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ಗೆ 1,650 ಡಾಲರ್ ದಂಡ ಕಟ್ಟಿದೆ. ತೆರಿಗೆ ತಪ್ಪಿಸಿದ್ದಕ್ಕಲ್ಲ. ರಿಟರ್ನ್ ತಡವಾಗಿದ್ದಕ್ಕೂ ಅಲ್ಲ. ದುಬೈನಲ್ಲಿ ಕೆಲಸ ಮಾಡುತ್ತಿದ್ದಾಗ 2016ಕ್ಕೂ 2017ಕ್ಕೂ ರಾಥ್ ಐಆರ್‌ಎ ಅನ್ನುವ ನನ್ನ ನಿವೃತ್ತಿ ಉಳಿತಾಯದ ಖಾತೆಗೆ 5,500 ಡಾಲರ್‌ನಂತೆ ಹಾಕಿದ್ದೆ. ಆ ಎರಡು ವರ್ಷ ಅದಕ್ಕೆ ಒಂದು ಡಾಲರ್ ಹಾಕುವ ಹಕ್ಕೂ ನನಗೆ ಇರಲಿಲ್ಲ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಖಾತೆ ಇದ್ದ ಸಂಸ್ಥೆ ದುಡ್ಡನ್ನು ಸುಮ್ನೆ ತೆಗೆದುಕೊಂಡಿತು. ರಿಟರ್ನ್ ಮಾಡಿಕೊಡುತ್ತಿದ್ದವರು ಐಆರ್‌ಎ ಬಗ್ಗೆ ಕೇಳಲೇ ಇಲ್ಲ.

ನನ್ನ ಪರಿಚಯ ಎರಡು ಮಾತಿನಲ್ಲಿ ಮುಗಿಸುತ್ತೇನೆ. ಹೈಸ್ಕೂಲ್ ವಯಸ್ಸಿನಲ್ಲಿ ಅಪ್ಪ ಅಮ್ಮನ ಜೊತೆ ನ್ಯೂಜೆರ್ಸಿಗೆ ಬಂದವಳು. ಅಲ್ಲೇ ಓದಿ, ಪೌರತ್ವ ಪಡೆದು, ಸಿವಿಲ್ ಎಂಜಿನಿಯರ್ ಆಗಿ 2007ರಿಂದ 2015ರವರೆಗೆ ದುಡಿದೆ. ಆಮೇಲೆ ಮೂರು ವರ್ಷ ದುಬೈ. 2019ರ ಶುರುವಿನಿಂದ ಮ್ಯೂನಿಕ್. ಗಂಡನದು ಭಾರತದ ಪಾಸ್‌ಪೋರ್ಟ್, ಅಮೆರಿಕಕ್ಕೂ ಅವರಿಗೂ ಸಂಬಂಧ ಇಲ್ಲ. ಮಗಳು 2021ರಲ್ಲಿ ಹುಟ್ಟಿದಳು, ಅವಳಿಗೆ ಅಮೆರಿಕದ ಪೌರತ್ವ ಇದೆ. ಒಂದು ತೆರಿಗೆ ಇಲ್ಲದ ದೇಶ, ಒಂದು ಭಾರೀ ತೆರಿಗೆಯ ದೇಶ. ಎರಡನ್ನೂ ನೋಡಿದ್ದರಿಂದ ಈ ವಿಷಯ ಸ್ವಲ್ಪ ಸ್ಪಷ್ಟವಾಗಿ ಕಾಣುತ್ತದೆ.

ಅಮೆರಿಕದ ಪ್ರಜೆ ಎಲ್ಲಿ ದುಡಿದರೂ ಅಮೆರಿಕಕ್ಕೆ ಲೆಕ್ಕ ಒಪ್ಪಿಸಬೇಕು. ಗ್ರೀನ್ ಕಾರ್ಡ್ ಇದ್ದವರಿಗೂ ಹಾಗೇ. ಇದು ನಮಗೆಲ್ಲ ಗೊತ್ತಿರುವ ಮಾತು. ಜಾಸ್ತಿ ಜನಕ್ಕೆ ಗೊತ್ತಿಲ್ಲದ್ದು ಇನ್ನೊಂದಿದೆ. ರಿಟರ್ನ್‌ನಲ್ಲಿ ನೀವು ಯಾವ ಫಾರ್ಮ್ ತುಂಬುತ್ತೀರಿ ಅನ್ನೋದರ ಮೇಲೆ ನಿವೃತ್ತಿ ಖಾತೆಯ ಬಾಗಿಲು ತೆರೆಯುತ್ತದೆ ಅಥವಾ ಮುಚ್ಚುತ್ತದೆ. ಅದಕ್ಕೇ ಖಾತೆಗಳ ಮಾತಿಗಿಂತ ಮೊದಲು ಫಾರ್ಮ್‌ನ ಮಾತು.

ಎರಡು ದಾರಿ: 2555 ಮತ್ತು 1116

ಎರಡು ದೇಶಕ್ಕೂ ತೆರಿಗೆ ಕಟ್ಟುವ ಪಾಡು ಬರಬಾರದು ಅಂತ ಅಮೆರಿಕ ಎರಡು ದಾರಿ ಕೊಟ್ಟಿದೆ. ಮೊದಲನೆಯದು ಫಾರ್ಮ್ 2555. ಹೊರದೇಶದಲ್ಲಿ ದುಡಿದ ಸಂಬಳವನ್ನು ಒಂದು ಮಿತಿಯವರೆಗೆ ಲೆಕ್ಕದಿಂದಲೇ ಹೊರಗಿಡುವ ವಿನಾಯಿತಿ ಇದು. 2025ಕ್ಕೆ ಮಿತಿ 1,30,000 ಡಾಲರ್. 2026ಕ್ಕೆ 1,32,900. ಇದು ಸಿಗಬೇಕಾದರೆ ಸತತ 12 ತಿಂಗಳ ಅವಧಿಯಲ್ಲಿ 330 ಪೂರ್ತಿ ದಿನ ಅಮೆರಿಕದ ಹೊರಗಿನ ದೇಶಗಳಲ್ಲಿರಬೇಕು. ಇಲ್ಲವೇ ಆ ದೇಶದ ನಿಜವಾದ ನಿವಾಸಿ ಅಂತ ತೋರಿಸಬೇಕು.

ಎರಡನೆಯದು ಫಾರ್ಮ್ 1116, ಅಂದರೆ ಫಾರಿನ್ ಟ್ಯಾಕ್ಸ್ ಕ್ರೆಡಿಟ್. ಇಲ್ಲಿ ಸಂಬಳವನ್ನು ಲೆಕ್ಕದಿಂದ ಹೊರಗಿಡುವುದಿಲ್ಲ. ಪೂರ್ತಿ ತೋರಿಸಿ, ಬರುವ ಅಮೆರಿಕದ ತೆರಿಗೆಯಲ್ಲಿ, ನೀವಿರುವ ದೇಶಕ್ಕೆ ಕಟ್ಟಿದ ತೆರಿಗೆಯನ್ನು ಕಳೆಯುತ್ತೀರಿ. ಕಳೆದು ಮಿಕ್ಕ ಕ್ರೆಡಿಟ್ ಇದ್ದರೆ ಒಂದು ವರ್ಷ ಹಿಂದಕ್ಕೂ ಹತ್ತು ವರ್ಷ ಮುಂದಕ್ಕೂ ಬಳಸಿಕೊಳ್ಳಬಹುದು.

ಈಗ ನಿವೃತ್ತಿಯ ವಿಷಯ. ಐಆರ್‌ಎಗೆ ದುಡ್ಡು ಹಾಕಬೇಕಾದರೆ ಆ ವರ್ಷ ತೆರಿಗೆಯ ಲೆಕ್ಕಕ್ಕೆ ಬರುವ ದುಡಿಮೆ ಇರಬೇಕು. ಷೇರಿನ ಡಿವಿಡೆಂಡ್, ಬಾಡಿಗೆ, ಬಡ್ಡಿ ಇವು ಸಾಲದು. ಫಾರ್ಮ್ 2555 ತುಂಬಿ ಪೂರ್ತಿ ಸಂಬಳ ಹೊರಗಿಟ್ಟರೆ ಐಆರ್‌ಎ ಕಣ್ಣಿಗೆ ನೀವು ಆ ವರ್ಷ ಏನೂ ದುಡಿದಿಲ್ಲ. ದುಬೈನಲ್ಲಿ ನನಗೆ ಆದದ್ದು ಇದೇ. ನನ್ನ ಸಂಬಳ ಸುಮಾರು 88,000 ಡಾಲರ್. 2016ರ ಮಿತಿ 1,01,300. ಎಲ್ಲವೂ ಹೊರಗೆ ಹೋಯಿತು, ಉಳಿದದ್ದು ಸೊನ್ನೆ. ಸೊನ್ನೆಯ ಮೇಲೆ ನಾನು 5,500 ಹಾಕಿದ್ದೆ.

ಸಂಬಳ ಮಿತಿಗಿಂತ ಮೇಲಿದ್ದರೆ ಕಥೆ ಬೇರೆ. 2025ರಲ್ಲಿ 1,40,000 ಡಾಲರ್ ದುಡಿದು 1,30,000 ಹೊರಗಿಟ್ಟರೆ 10,000 ಉಳಿಯುತ್ತದೆ. ಆ ವರ್ಷದ ಐಆರ್‌ಎ ಮಿತಿ 7,000. ಅಲ್ಲಿಗೆ ಸಾಕು. ಆದರೆ ಮನೆ ಬಾಡಿಗೆಯ ವಿನಾಯಿತಿಯನ್ನೂ ಅದೇ ಫಾರ್ಮ್‌ನಲ್ಲಿ ತೆಗೆದುಕೊಂಡರೆ ಆ 10,000 ಕೂಡ ಕರಗಿ ಹೋಗಬಹುದು. ಎರಡೂ ಸೇರಿಸಿ ಲೆಕ್ಕ ಹಾಕಿ.

1116ರ ದಾರಿಯಲ್ಲಿ ಈ ತಲೆನೋವು ಇಲ್ಲ. ಸಂಬಳ ಪೂರ್ತಿ ಲೆಕ್ಕದಲ್ಲಿರುವುದರಿಂದ ಐಆರ್‌ಎ ಬಾಗಿಲು ತೆರೆದೇ ಇರುತ್ತದೆ. ಜರ್ಮನಿಯಂಥ ದೇಶದಲ್ಲಿ ಕಟ್ಟುವ ತೆರಿಗೆ ಅಮೆರಿಕದ್ದಕ್ಕಿಂತ ಜಾಸ್ತಿ. ಹಾಗಾಗಿ ನನ್ನ ಸಂಬಳದ ಮೇಲೆ ಅಮೆರಿಕಕ್ಕೆ ಕಟ್ಟುವುದು ಸೊನ್ನೆ, ಮೇಲಿಂದ ಕ್ರೆಡಿಟ್ ಮಿಗುತ್ತದೆ. ಮಕ್ಕಳಿರುವವರಿಗೆ ಇನ್ನೊಂದು ಲಾಭವಿದೆ. ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್‌ನಲ್ಲಿ ಕೈಗೆ ವಾಪಸ್ ಬರುವ ಭಾಗ 2025ಕ್ಕೆ ಒಂದು ಮಗುವಿಗೆ 1,700 ಡಾಲರ್‌ವರೆಗೆ ಇದೆ. ಫಾರ್ಮ್ 2555 ತುಂಬಿದವರಿಗೆ ಆ ಭಾಗ ಸಿಗುವುದೇ ಇಲ್ಲ.

ಹಾಗಾದರೆ ನಾಳೆಯೇ 2555 ಬಿಟ್ಟು 1116ಕ್ಕೆ ಹೋಗೋಣ ಅನ್ನಿಸಬಹುದು. ಸ್ವಲ್ಪ ನಿಲ್ಲಿ. ಒಮ್ಮೆ 2555 ಆಯ್ಕೆಯನ್ನು ಹಿಂದಕ್ಕೆ ಪಡೆದರೆ ಮುಂದಿನ ಐದು ತೆರಿಗೆ ವರ್ಷ ಐಆರ್‌ಎಸ್ ಅನುಮತಿ ಇಲ್ಲದೆ ಅದನ್ನು ಮತ್ತೆ ತೆಗೆದುಕೊಳ್ಳುವಂತಿಲ್ಲ. ನಾನು ಮ್ಯೂನಿಕ್‌ಗೆ ಬಂದ ವರ್ಷವೇ ಬದಲಾಯಿಸಿದೆ. ಅದಕ್ಕೆ ಮೊದಲು ಗಂಡನ ಜೊತೆ ಕೂತು ಒಂದು ಪ್ರಶ್ನೆ ಕೇಳಿಕೊಂಡೆವು: ಐದು ವರ್ಷದೊಳಗೆ ಮತ್ತೆ ಕೊಲ್ಲಿ ದೇಶಕ್ಕೆ ಹೋಗುತ್ತೇವಾ? ಇಲ್ಲ ಅನ್ನಿಸಿತು. ನೀವೂ ಇದೇ ಪ್ರಶ್ನೆ ಕೇಳಿಕೊಳ್ಳಿ. ತೆರಿಗೆ ಇಲ್ಲದ ದೇಶಕ್ಕೆ ವರ್ಗವಾಗುವ ಸಂಭವ ಇದ್ದರೆ ಅವಸರ ಬೇಡ.

ತಪ್ಪಾಗಿ ಹಾಕಿದ್ದರೆ ಸರಿಪಡಿಸುವುದು ಹೇಗೆ

ಹಕ್ಕಿಲ್ಲದೆ ಹಾಕಿದ ದುಡ್ಡಿಗೆ ಪ್ರತಿ ವರ್ಷ ಶೇಕಡಾ 6ರಷ್ಟು ದಂಡ. ಒಂದು ಸಲ ಅಲ್ಲ, ಆ ದುಡ್ಡು ವರ್ಷದ ಕೊನೆಯಲ್ಲಿ ಖಾತೆಯಲ್ಲಿ ಇರುವವರೆಗೂ ಪ್ರತಿ ವರ್ಷ. ನನ್ನ ಲೆಕ್ಕ ಹೀಗಿತ್ತು. 2016ಕ್ಕೆ 5,500ರ ಮೇಲೆ 330 ಡಾಲರ್. 2017ಕ್ಕೆ ಎರಡೂ ಸೇರಿ 11,000ದ ಮೇಲೆ 660. 2018ರಲ್ಲಿ ನಾನು ಹೊಸದಾಗಿ ಏನೂ ಹಾಕಲಿಲ್ಲ, ಮ್ಯೂನಿಕ್‌ಗೆ ಹೋಗುವ ಖರ್ಚಿಗೆ ದುಡ್ಡು ಎತ್ತಿಟ್ಟಿದ್ದೆ. ಆದರೂ ಹಳೆಯ 11,000 ಅಲ್ಲೇ ಇದ್ದದ್ದಕ್ಕೆ ಮತ್ತೆ 660. ಇದನ್ನು ಫಾರ್ಮ್ 5329ರಲ್ಲಿ ವರ್ಷ ವರ್ಷಕ್ಕೂ ಬೇರೆ ಬೇರೆಯಾಗಿ ತೋರಿಸಿ ಕಟ್ಟಬೇಕು.

ಬೇಗ ಗೊತ್ತಾದರೆ ದಂಡವೇ ಇಲ್ಲ. ಆ ವರ್ಷದ ರಿಟರ್ನ್‌ನ ಗಡುವಿನೊಳಗೆ, ವಿಸ್ತರಣೆ ಪಡೆದಿದ್ದರೆ ಅಕ್ಟೋಬರ್ 15ರೊಳಗೆ, ಹಾಕಿದ ದುಡ್ಡನ್ನೂ ಅದು ಗಳಿಸಿದ್ದನ್ನೂ ಹೊರಗೆ ತೆಗೆದರೆ ಸಾಕು. ಗಡುವು ದಾಟಿದ ಮೇಲೆ ಹೆಚ್ಚುವರಿ ಮೊತ್ತವನ್ನಷ್ಟೇ ತೆಗೆಯಬೇಕು, ಗಳಿಕೆ ಒಳಗೇ ಉಳಿಯಬಹುದು. ನಾನು ಹೀಗೇ 11,000 ತೆಗೆದೆ. ಖಾತೆ ಇರುವ ಸಂಸ್ಥೆಗೆ ಫೋನ್ ಮಾಡಿದಾಗ "ಸುಮ್ನೆ ದುಡ್ಡು ತೆಗೀಬೇಕು" ಅನ್ನಬೇಡಿ. "ಹೆಚ್ಚುವರಿ ಕೊಡುಗೆ ವಾಪಸ್ ತೆಗೆಯಬೇಕು" ಅಂತ ಹೇಳಿ, ಯಾವ ವರ್ಷದ್ದು ಅನ್ನುವುದನ್ನೂ ಹೇಳಿ. ಅವರ ಕಾಗದ ಪತ್ರದಲ್ಲಿ ಅದೇ ಪದ ಬರಬೇಕು.

ಇನ್ನೊಂದು ದಾರಿಯೂ ಇದೆ. ಮುಂದಿನ ವರ್ಷ ನಿಮಗೆ ಹಾಕುವ ಹಕ್ಕು ಬಂದರೆ, ಹಳೆಯ ಹೆಚ್ಚುವರಿಯನ್ನು ಆ ವರ್ಷದ ಮಿತಿಯೊಳಗೆ ಸೇರಿಸಿಕೊಳ್ಳಬಹುದು. ಆ ವರ್ಷ ಹೊಸದಾಗಿ ಅಷ್ಟು ಕಡಿಮೆ ಹಾಕಬೇಕು ಅಷ್ಟೇ.

ರಾಥ್ ಐಆರ್‌ಎ, ಗಂಡ ಹೆಂಡತಿ, 10,000 ಡಾಲರ್‌ನ ಗೋಡೆ

ಐಆರ್‌ಎಯಲ್ಲಿ ಎರಡು ಬಗೆ. ಸಾಂಪ್ರದಾಯಿಕ ಐಆರ್‌ಎಗೆ ಹಾಕಿದ ದುಡ್ಡಿಗೆ ಈಗ ತೆರಿಗೆ ಕಡಿತ, ತೆಗೆಯುವಾಗ ತೆರಿಗೆ. ರಾಥ್‌ಗೆ ಈಗ ಕಡಿತ ಇಲ್ಲ, ಮುಂದೆ ನಿಯಮದಂತೆ ತೆಗೆದರೆ ಅಮೆರಿಕದಲ್ಲಿ ತೆರಿಗೆ ಇಲ್ಲ. ಎರಡೂ ಸೇರಿ 2025ರ ಮಿತಿ 7,000, ವಯಸ್ಸು 50 ದಾಟಿದ್ದರೆ 8,000. 2026ಕ್ಕೆ 7,500, 50 ದಾಟಿದವರಿಗೆ 8,600.

ಭಾರೀ ತೆರಿಗೆಯ ದೇಶದಲ್ಲಿ ಇರುವವರಿಗೆ ನನ್ನ ಅಭಿಪ್ರಾಯ ನೇರ: ಹಾಕುವ ಹಕ್ಕಿದ್ದರೆ ಮೊದಲು ರಾಥ್ ನೋಡಿ. ಫಾರಿನ್ ಟ್ಯಾಕ್ಸ್ ಕ್ರೆಡಿಟ್‌ನಿಂದ ಅಮೆರಿಕದ ತೆರಿಗೆ ಆಗಲೇ ಸೊನ್ನೆ ಆಗಿದೆ ಅಲ್ವಾ? ಸೊನ್ನೆಯಿಂದ ಇನ್ನೇನು ಕಡಿತ ಮಾಡುತ್ತೀರಿ? ಸಾಂಪ್ರದಾಯಿಕ ಐಆರ್‌ಎ ಕಡಿತ ಅಲ್ಲಿ ವ್ಯರ್ಥ. ಮುಂದೆ ತೆಗೆಯುವಾಗ ಮಾತ್ರ ತೆರಿಗೆ ಬರುತ್ತದೆ.

ಆದರೆ ರಾಥ್‌ಗೆ ಆದಾಯದ ಮಿತಿ ಇದೆ. ಒಂಟಿಯಾಗಿ ಸಲ್ಲಿಸುವವರಿಗೆ 2025ರಲ್ಲಿ 1,50,000 ಡಾಲರ್‌ನಿಂದ ಹಕ್ಕು ಕಡಿಮೆಯಾಗುತ್ತಾ 1,65,000ಕ್ಕೆ ಪೂರ್ತಿ ಹೋಗುತ್ತದೆ. ಗಂಡ ಹೆಂಡತಿ ಜಂಟಿಯಾಗಿ ಸಲ್ಲಿಸಿದರೆ 2,36,000ದಿಂದ 2,46,000. ಈ ಲೆಕ್ಕಕ್ಕೆ 2555ರಲ್ಲಿ ಹೊರಗಿಟ್ಟ ಸಂಬಳವನ್ನೂ ವಾಪಸ್ ಸೇರಿಸುತ್ತಾರೆ. ಹೊರಗಿಟ್ಟ ಸಂಬಳ ದುಡಿಮೆ ಅನ್ನಿಸಿಕೊಳ್ಳುವುದಿಲ್ಲ, ಮಿತಿ ನೋಡುವಾಗ ಮಾತ್ರ ಆದಾಯ ಅನ್ನಿಸಿಕೊಳ್ಳುತ್ತದೆ. ಓದುವಾಗ ಅನ್ಯಾಯ ಅನ್ನಿಸುತ್ತೆ, ಆದರೆ ನಿಯಮ ಹಾಗೇ ಇದೆ.

ಮದುವೆಯಾಗಿ, ಜೊತೆಯಲ್ಲೇ ಬಾಳುತ್ತಾ, ಬೇರೆ ಬೇರೆ ರಿಟರ್ನ್ ಸಲ್ಲಿಸುವವರಿಗೆ ಮಿತಿ ಸೊನ್ನೆಯಿಂದ 10,000. ಅಂದರೆ ಸಾಧಾರಣ ಸಂಬಳ ಇರುವ ಯಾರಿಗೂ ಇಲ್ಲ. ಗಂಡನೋ ಹೆಂಡತಿಯೋ ಅಮೆರಿಕದವರಲ್ಲದಿದ್ದರೆ ನಾವು ಬಹಳ ಜನ ಬೇರೆಯಾಗಿಯೇ ಸಲ್ಲಿಸುತ್ತೇವೆ. ಈ ಗೋಡೆಗೆ ಢಿಕ್ಕಿ ಹೊಡೆಯುವವರು ನಾವೇ. ಸಂಗಾತಿಯನ್ನು ಅಮೆರಿಕದ ನಿವಾಸಿ ಅಂತ ಪರಿಗಣಿಸಿ ಅಂತ ಕೋರಿ ಜಂಟಿಯಾಗಿ ಸಲ್ಲಿಸುವ ಅವಕಾಶ ಇದೆ. ಹಾಗೆ ಮಾಡಿದರೆ ಅವರ ಪ್ರಪಂಚದ ಆದಾಯವೆಲ್ಲ ಐಆರ್‌ಎಸ್ ಕಣ್ಣಿಗೆ ಬೀಳುತ್ತದೆ. ನನ್ನ ಗಂಡನಿಗೆ ಭಾರತದಲ್ಲಿ ಮ್ಯೂಚುವಲ್ ಫಂಡ್ ಇದ್ದವು. ಆ ದಾರಿ ಬೇಡ ಅಂದುಕೊಂಡೆವು. ಯಾಕೆ ಅನ್ನೋದು ಮುಂದೆ ಬರುತ್ತದೆ.

2019 ಮತ್ತು 2020ರಲ್ಲಿ ನಾನು ಹಿಂಬಾಗಿಲಿನ ದಾರಿ ಹಿಡಿದೆ. ಕಡಿತ ಕೇಳದೆ ಸಾಂಪ್ರದಾಯಿಕ ಐಆರ್‌ಎಗೆ ದುಡ್ಡು ಹಾಕಿ, ಕೆಲವೇ ದಿನದಲ್ಲಿ ಅದನ್ನು ರಾಥ್‌ಗೆ ಬದಲಾಯಿಸಿದೆ. ಇದು ಕಾನೂನಿಗೆ ಒಪ್ಪುವ ದಾರಿಯೇ. ಫಾರ್ಮ್ 8606 ತುಂಬಬೇಕು. ಹಳೆಯ ಕಂಪನಿಯ ಮೂಲಕ ಇದ್ದ ನಿವೃತ್ತಿ ಖಾತೆ, ಅಂದರೆ 401(ಕೆ)ಯ ದುಡ್ಡನ್ನು ನೀವು ಆಗಲೇ ಸಾಂಪ್ರದಾಯಿಕ ಐಆರ್‌ಎಗೆ ವರ್ಗಾಯಿಸಿದ್ದರೆ ಜೋಪಾನ. ಎಲ್ಲ ಐಆರ್‌ಎಗಳನ್ನು ಒಂದೇ ಗಡಿಗೆಯಲ್ಲಿ ಬೆರೆಸಿದಂತೆ ಲೆಕ್ಕ ಹಾಕಿ, ಬದಲಾಯಿಸಿದ ಮೊತ್ತದ ಒಂದು ಪಾಲಿಗೆ ತೆರಿಗೆ ಬೀಳುತ್ತದೆ. ನನ್ನ 401(ಕೆ) ಹಳೆಯ ಕಂಪನಿಯಲ್ಲೇ ಇದ್ದದ್ದು ಇಲ್ಲಿ ಒಳ್ಳೆಯದೇ ಆಯಿತು.

ಮಗಳು ಹುಟ್ಟಿದ ಮೇಲೆ ದಾರಿ ಸುಲಭವಾಯಿತು. ಸಂಗಾತಿ ಅಮೆರಿಕದ ನಿವಾಸಿ ಅಲ್ಲ, ಮನೆ ಖರ್ಚಿನ ಅರ್ಧಕ್ಕಿಂತ ಹೆಚ್ಚು ನೀವೇ ಕೊಡುತ್ತೀರಿ, ನಿಮ್ಮ ಆಸರೆಯ ಮಗು ಜೊತೆಗಿದೆ ಅಂದರೆ ಹೆಡ್ ಆಫ್ ಹೌಸ್‌ಹೋಲ್ಡ್, ಅಂದರೆ ಮನೆ ನಡೆಸುವವರು ಅಂತ ರಿಟರ್ನ್ ಸಲ್ಲಿಸಬಹುದು. ಆಗ ರಾಥ್ ಮಿತಿ ಒಂಟಿ ಜನರದ್ದೇ. 2021ರಿಂದ ನೇರವಾಗಿ ರಾಥ್‌ಗೆ ಹಾಕುತ್ತಿದ್ದೇನೆ.

ಒಂದು ಎಚ್ಚರಿಕೆ. ರಾಥ್‌ಗೆ ತೆರಿಗೆ ಇಲ್ಲ ಅನ್ನೋದು ಅಮೆರಿಕದ ನಿಯಮ, ನೀವಿರುವ ದೇಶ ಅದನ್ನು ಒಪ್ಪಬೇಕೆಂದಿಲ್ಲ. ಕೆನಡಾ ಉದಾಹರಣೆ ನೋಡಿ. ಹಳೆಯ ರಾಥ್ ಖಾತೆಗೆ ಅಲ್ಲಿ ಎರಡು ದೇಶಗಳ ತೆರಿಗೆ ಒಪ್ಪಂದದ ರಕ್ಷಣೆ ಇದೆ, ಒಂದು ಸಲ ಅರ್ಜಿ ಕೊಟ್ಟು ಅದನ್ನು ಪಡೆಯಬೇಕು. ಕೆನಡಾ ನಿವಾಸಿ ಆದ ಮೇಲೆ ಹೊಸದಾಗಿ ದುಡ್ಡು ಹಾಕಿದರೆ ಆ ಭಾಗಕ್ಕೆ ರಕ್ಷಣೆ ಹೋಗುತ್ತದೆ. ಹಾಗಾಗಿ ಮೊದಲ ಡಾಲರ್ ಹಾಕುವ ಮುಂಚೆ ಆ ದೇಶದ ತೆರಿಗೆ ಸಲಹೆಗಾರರನ್ನು ಕೇಳಿ, ಉತ್ತರವನ್ನು ಬರೆದು ಕೊಡಿ ಅನ್ನಿ. ನಾನು ಮ್ಯೂನಿಕ್‌ನಲ್ಲಿ ಹಾಗೇ ಮಾಡಿದೆ.

ಸಂಬಳ ಅಮೆರಿಕದ ಕಂಪನಿಯದ್ದೇ ಆಗಿದ್ದರೆ

ಕಂಪನಿಯೇ ನಿಮ್ಮನ್ನು ಹೊರಗೆ ಕಳಿಸಿ, ಸಂಬಳ ಅಮೆರಿಕದ ಪೇರೋಲ್‌ನಿಂದ ಬರುತ್ತಿದ್ದರೆ 401(ಕೆ) ಮುಂದುವರಿಯುತ್ತದೆಯಾ ಅಂತ ಹೊರಡುವ ಮುಂಚೆ ಎಚ್‌ಆರ್‌ಗೆ ಕೇಳಿ. 2025ರ ಮಿತಿ 23,500 ಡಾಲರ್, 2026ಕ್ಕೆ 24,500. ಐಆರ್‌ಎ ಮಿತಿಯ ಮೂರು ಪಟ್ಟಿಗಿಂತ ಜಾಸ್ತಿ. ಕಂಪನಿ ಜೊತೆಗೆ ಕೊಡುವ ಪಾಲು ಬೇರೆ. "ಅಲ್ಲಿನ ಶಾಖೆಯ ಪೇರೋಲ್‌ಗೆ ಬನ್ನಿ, ಸಂಬಳ ಸ್ವಲ್ಪ ಜಾಸ್ತಿ ಕೊಡುತ್ತೇವೆ" ಅಂದರೆ ಈ ಕಳೆದುಕೊಳ್ಳುವ ಮೊತ್ತವನ್ನೂ ಮಾತುಕತೆಯಲ್ಲಿ ಇಡಿ.

ತೆರಿಗೆ ಇಲ್ಲದ ದೇಶದಲ್ಲಿ ಸ್ಥಳೀಯ ಕಂಪನಿಗೆ ದುಡಿಯುವವರ ಸ್ಥಿತಿ ಕಷ್ಟದ್ದು. ಕ್ರೆಡಿಟ್ ತೆಗೆದುಕೊಳ್ಳಲು ಕಟ್ಟಿದ ತೆರಿಗೆಯೇ ಇಲ್ಲ. 2555 ತೆಗೆದುಕೊಂಡರೆ ಐಆರ್‌ಎ ಇಲ್ಲ. ಅಂಥ ಕಡೆ ಅಮೆರಿಕದ ಸಾಮಾನ್ಯ ಬ್ರೋಕರೇಜ್ ಖಾತೆಯೇ ಸರಿಯಾದ ಆಯ್ಕೆ. ಕಡಿಮೆ ಖರ್ಚಿನ ಅಮೆರಿಕದ ಇಂಡೆಕ್ಸ್ ಫಂಡ್ ತೆಗೆದುಕೊಂಡು ತಿಂಗಳು ತಿಂಗಳು ಹಾಕುತ್ತಾ ಹೋಗಿ. ವಿಶೇಷ ತೆರಿಗೆ ಸೌಲಭ್ಯ ಇಲ್ಲ, ಆದರೆ ದಂಡವೂ ಇಲ್ಲ. ಯುಎಇಯಲ್ಲಿ ಕೆಲಸ ಬಿಡುವಾಗ ಗ್ರಾಚ್ಯುಟಿ ಬರುತ್ತದೆ: ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ವೇತನ, ಆಮೇಲಿನ ವರ್ಷಗಳಿಗೆ 30 ದಿನದ್ದು. ಅದು ಕೈಗೆ ಬಂದ ದಿನವೇ ಖರ್ಚಿನ ಖಾತೆಯಿಂದ ಬೇರೆ ಮಾಡಿ. ದುಬೈನಲ್ಲಿ ಒಬ್ಬ ಸಲಹೆಗಾರ ನನಗೆ 25 ವರ್ಷದ ಉಳಿತಾಯ ಯೋಜನೆ ಮಾರಲು ಮೂರು ಸಲ ಆಫೀಸಿಗೆ ಬಂದಿದ್ದ. ಮಧ್ಯದಲ್ಲಿ ಬಿಟ್ಟರೆ ಭಾರೀ ಕಡಿತ, ಒಳಗಿರುವುದೆಲ್ಲ ಹೊರದೇಶದ ಫಂಡ್. ಅಮೆರಿಕದ ಪ್ರಜೆ ಅಂಥದ್ದಕ್ಕೆ ಸಹಿ ಹಾಕಲೇಬಾರದು.

ಹೊರದೇಶದ ಫಂಡ್: ಇದನ್ನು ಮಾತ್ರ ಮರೆಯಬೇಡಿ

ಅಮೆರಿಕದ ಹೊರಗೆ ನೋಂದಣಿಯಾದ ಮ್ಯೂಚುವಲ್ ಫಂಡ್, ಇಟಿಎಫ್ ಇವೆಲ್ಲ ಐಆರ್‌ಎಸ್ ಭಾಷೆಯಲ್ಲಿ ಪಿಎಫ್‌ಐಸಿ, ಅಂದರೆ ಪ್ಯಾಸಿವ್ ಫಾರಿನ್ ಇನ್‌ವೆಸ್ಟ್‌ಮೆಂಟ್ ಕಂಪನಿ. ಐರ್ಲೆಂಡ್‌ನಲ್ಲಿ ನೋಂದಾಯಿತ ಇಟಿಎಫ್ ಒಳಗೆ ಪೂರ್ತಿ ಅಮೆರಿಕದ ಕಂಪನಿಗಳ ಷೇರೇ ಇದ್ದರೂ ಅದು ಪಿಎಫ್‌ಐಸಿಯೇ. ಮಾರಿದಾಗ ಬಂದ ಲಾಭವನ್ನು ಇಟ್ಟುಕೊಂಡಿದ್ದ ವರ್ಷಗಳಿಗೆಲ್ಲ ಹಂಚಿ, ಹಿಂದಿನ ವರ್ಷಗಳ ಪಾಲಿಗೆ ಆಯಾ ವರ್ಷದ ಅತಿ ಹೆಚ್ಚಿನ ದರದಲ್ಲಿ ತೆರಿಗೆ, ಅದರ ಮೇಲೆ ಬಡ್ಡಿ. ನಿಮ್ಮ ಸಂಬಳದ ದರ ಎಷ್ಟೇ ಇರಲಿ, ಲೆಕ್ಕ ಹೀಗೇ. ಜೊತೆಗೆ ಪ್ರತಿ ಫಂಡ್‌ಗೂ ಒಂದು ಫಾರ್ಮ್ 8621. ಒಟ್ಟು ಮೌಲ್ಯ 25,000 ಡಾಲರ್ ಒಳಗಿದ್ದು ಮಾರಾಟವೂ ದೊಡ್ಡ ಹಂಚಿಕೆಯೂ ಇಲ್ಲದ ವರ್ಷ ಆ ಫಾರ್ಮ್‌ನಿಂದ ವಿನಾಯಿತಿ ಇದೆ. ಮಾರಿದ ವರ್ಷ ಇಲ್ಲ.

ಮ್ಯೂನಿಕ್‌ಗೆ ಬಂದ ಹೊಸದರಲ್ಲಿ ಬ್ಯಾಂಕಿನವರ ಮಾತು ಕೇಳಿ ತಿಂಗಳಿಗೆ 200 ಯೂರೋದ ಇಟಿಎಫ್ ಉಳಿತಾಯ ಶುರು ಮಾಡಿದ್ದೆ. ಜರ್ಮನ್ ಗೆಳತಿಯರಿಗೆ ಅದು ಒಳ್ಳೆಯ ಯೋಜನೆ. ನನಗೆ ಅಲ್ಲ. 14 ತಿಂಗಳ ನಂತರ ವಿಷಯ ಗೊತ್ತಾಗಿ ಎಲ್ಲ ಮಾರಿದೆ. ಲಾಭ ಸಣ್ಣದಿತ್ತು, ಹಾಗಾಗಿ ತೆರಿಗೆಯೂ ಸಣ್ಣದು. ಆ ಫಾರ್ಮ್ ತುಂಬಿಸಿದ ಶುಲ್ಕ ಮಾತ್ರ ಲಾಭಕ್ಕಿಂತ ಜಾಸ್ತಿ ಆಯಿತು. ನೀವು ಈಗಲೇ ಇಂಥದ್ದರಲ್ಲಿ ಇದ್ದರೆ, ಬೆಳೆಯುವ ಮುಂಚೆ ಹೊರಗೆ ಬನ್ನಿ.

ಭಾರತಕ್ಕೆ ವಾಪಸ್ ಹೋಗಿ ದುಡಿಯುತ್ತಿರುವ ಅಮೆರಿಕದ ಪ್ರಜೆಗಳಿಗೂ ಇದೇ ಮಾತು. ಅಲ್ಲಿನ ಮ್ಯೂಚುವಲ್ ಫಂಡ್, ಎಸ್‌ಐಪಿ ಎಲ್ಲವೂ ಪಿಎಫ್‌ಐಸಿ. ನನ್ನ ಗಂಡನನ್ನು ಜಂಟಿ ರಿಟರ್ನ್‌ಗೆ ತರದೇ ಇದ್ದದ್ದಕ್ಕೆ ಮುಖ್ಯ ಕಾರಣವೂ ಇದೇ.

ಯುರೋಪಿನಲ್ಲಿ ಇನ್ನೊಂದು ತೊಡಕಿದೆ. 2018ರಿಂದ ಐರೋಪ್ಯ ಒಕ್ಕೂಟದ ನಿಯಮದಂತೆ ಸಾಮಾನ್ಯ ಹೂಡಿಕೆದಾರರಿಗೆ ಮಾರುವ ಫಂಡ್‌ಗೆ ನಿಗದಿತ ಮಾಹಿತಿ ಪತ್ರ ಇರಲೇಬೇಕು. ಅಮೆರಿಕದ ಇಟಿಎಫ್‌ಗಳು ಅದನ್ನು ಕೊಡುವುದಿಲ್ಲ. ಹಾಗಾಗಿ ಯುರೋಪಿನ ಬ್ರೋಕರ್ ಅವನ್ನು ನಿಮಗೆ ಮಾರುವುದಿಲ್ಲ. ಯುರೋಪಿನ ಫಂಡ್ ಕೊಂಡರೆ ಐಆರ್‌ಎಸ್ ಬಿಡುವುದಿಲ್ಲ. ನಡುವೆ ಉಳಿಯುವುದು ಬಿಡಿ ಕಂಪನಿಗಳ ಷೇರು, ಸರ್ಕಾರಿ ಬಾಂಡ್, ಅಮೆರಿಕದಲ್ಲೇ ಇರುವ ಹಳೆಯ ಖಾತೆ. ಸಾಮಾನ್ಯ ಕಂಪನಿಗಳ ಬಿಡಿ ಷೇರು ಪಿಎಫ್‌ಐಸಿ ಅಲ್ಲ. ಅದಕ್ಕೇ ಹೇಳುವುದು, ಅಮೆರಿಕ ಬಿಡುವ ಮುಂಚೆ ಅಲ್ಲಿ ಒಂದು ಖಾತೆ ತೆರೆದು ಬನ್ನಿ. ಬಂದ ಮೇಲೆ ತೆರೆಯುವುದು ಬಹಳ ಕಷ್ಟ.

ಹಳೆಯ 401(ಕೆ) ಮತ್ತು ವಿಳಾಸದ ವಿಷಯ

ಹಳೆಯ 401(ಕೆ) ಇದ್ದರೆ ಮುರಿಸಬೇಡಿ. ಐವತ್ತೊಂಬತ್ತೂವರೆ ವಯಸ್ಸಿಗೆ ಮುಂಚೆ ತೆಗೆದರೆ ಸಾಮಾನ್ಯವಾಗಿ ಶೇಕಡಾ 10 ದಂಡ, ಮೇಲೆ ತೆರಿಗೆ. ಅಲ್ಲೇ ಬಿಡಬಹುದು, ಇಲ್ಲವೇ ಐಆರ್‌ಎಗೆ ನೇರವಾಗಿ ವರ್ಗಾಯಿಸಬಹುದು. ವರ್ಗಾಯಿಸುವ ಮುಂಚೆ ಮೇಲೆ ಹೇಳಿದ ಗಡಿಗೆಯ ಲೆಕ್ಕ ನೆನಪಿರಲಿ.

ಕೆಲವು ಬ್ರೋಕರೇಜ್ ಸಂಸ್ಥೆಗಳು ಹೊರದೇಶದ ವಿಳಾಸ ಕಂಡರೆ ಹೊಸ ಖರೀದಿ ನಿಲ್ಲಿಸುತ್ತವೆ, ಕೆಲವು ಖಾತೆಯನ್ನೇ ಮುಚ್ಚುತ್ತವೆ. ನಾನು ಮೊದಲು ಅಪ್ಪನ ನ್ಯೂಜೆರ್ಸಿ ಮನೆಯ ವಿಳಾಸ ಕೊಟ್ಟಿದ್ದೆ. ಎಲ್ಲರೂ ಹಾಗೇ ಮಾಡ್ತಾರೆ ಅಂತ. ಒಂದು ದಿನ ಅಲ್ಲಿಂದ ಪತ್ರ ಬಂತು: ನೀವು ಲಾಗಿನ್ ಆಗುತ್ತಿರುವುದು ಬೇರೆ ದೇಶದಿಂದ, 30 ದಿನದೊಳಗೆ ವಿವರ ಕೊಡಿ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಕೊನೆಗೆ ಹೊರದೇಶದ ವಿಳಾಸ ಒಪ್ಪುವ ಸಂಸ್ಥೆ ಹುಡುಕಿ ಅಲ್ಲಿಗೆ ಎಲ್ಲ ವರ್ಗಾಯಿಸಿದೆ. ಸತ್ಯವಾದ ವಿಳಾಸ ಕೊಡಿ. ನಿಮ್ಮ ದೇಶದ ಹೆಸರು ಹೇಳಿ, ಆ ದೇಶದ ನಿವಾಸಿಗೆ ಏನೇನು ಕೊಳ್ಳಲು ಬಿಡುತ್ತೀರಿ ಅಂತ ಮೊದಲೇ ಇಮೇಲ್‌ನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ.

ನೀವಿರುವ ದೇಶದ ಪಿಂಚಣಿ

ಇದು ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್, ಜರ್ಮನಿ, ಕೆನಡಾಗಳ ಜೊತೆಗಿನ ತೆರಿಗೆ ಒಪ್ಪಂದದಲ್ಲಿ ಪಿಂಚಣಿ ಯೋಜನೆಗೆ ಸ್ಪಷ್ಟ ಜಾಗ ಇದೆ. ಬ್ರಿಟನ್‌ನಲ್ಲಿ ಕಂಪನಿ ಪಿಂಚಣಿಗೆ ಸೇರಿ, ಐಎಸ್‌ಎ ಅನ್ನುವ ಅಲ್ಲಿನ ಉಳಿತಾಯ ಖಾತೆ ಬೇಡ, ಅದರ ತೆರಿಗೆ ವಿನಾಯಿತಿಯನ್ನು ಅಮೆರಿಕ ಒಪ್ಪುವುದಿಲ್ಲ. ಕೆನಡಾದಲ್ಲಿ ಆರ್‌ಆರ್‌ಎಸ್‌ಪಿ ಅನ್ನುವ ನಿವೃತ್ತಿ ಖಾತೆ ಸರಿ, 2014ರಿಂದ ಅದರ ತೆರಿಗೆ ಮುಂದೂಡಿಕೆ ಸಾಮಾನ್ಯವಾಗಿ ತಾನಾಗೇ ಆಗುತ್ತದೆ. ಟಿಎಫ್‌ಎಸ್‌ಎ ಅನ್ನುವ ಅಲ್ಲಿನ ತೆರಿಗೆ ಇಲ್ಲದ ಉಳಿತಾಯ ಖಾತೆ ಬೇಡ. ಸಿಂಗಪುರ, ಹಾಂಗ್‌ಕಾಂಗ್, ಯುಎಇ ಜೊತೆ ಅಮೆರಿಕಕ್ಕೆ ಆದಾಯ ತೆರಿಗೆ ಒಪ್ಪಂದವೇ ಇಲ್ಲ. ಆಸ್ಟ್ರೇಲಿಯಾದ ಸೂಪರ್ ಅನ್ನುವ ಪಿಂಚಣಿ ಖಾತೆಯ ಬಗ್ಗೆ ತಜ್ಞರಲ್ಲೇ ಒಮ್ಮತ ಇಲ್ಲ, ಅಲ್ಲಿರುವವರು ಎರಡೂ ಕಡೆ ಬಲ್ಲ ಒಬ್ಬರನ್ನು ಹಿಡಿಯಲೇಬೇಕು. ನಿಮ್ಮ ಮಾಲೀಕರು ಜೊತೆಗೆ ದುಡ್ಡು ಕೊಡುವ ಯೋಜನೆ ಇದ್ದರೆ, ಅಮೆರಿಕದಲ್ಲಿ ಸ್ವಲ್ಪ ತೆರಿಗೆ ಬಿದ್ದರೂ ಅದನ್ನು ಬಿಡುವ ಮುಂಚೆ ಲೆಕ್ಕ ಹಾಕಿ ನೋಡಿ.

ಸೋಷಿಯಲ್ ಸೆಕ್ಯುರಿಟಿ: 40 ಕ್ರೆಡಿಟ್ ಮತ್ತು ಒಪ್ಪಂದ

ಅಮೆರಿಕದ ಸೋಷಿಯಲ್ ಸೆಕ್ಯುರಿಟಿ ಪಿಂಚಣಿಗೆ 40 ಕ್ರೆಡಿಟ್ ಬೇಕು. ವರ್ಷಕ್ಕೆ ಹೆಚ್ಚೆಂದರೆ 4. 2025ರಲ್ಲಿ ಒಂದು ಕ್ರೆಡಿಟ್‌ಗೆ 1,810 ಡಾಲರ್ ದುಡಿಮೆ, ನಾಲ್ಕಕ್ಕೆ 7,240. ಒಂಬತ್ತು ವರ್ಷ ದುಡಿದ ನನ್ನಲ್ಲಿ 36 ಇವೆ. ನಾಲ್ಕು ಕಡಿಮೆ. ಅಮೆರಿಕ ಬಿಡುವಾಗ ಇದನ್ನು ನಾನು ನೋಡಿರಲೇ ಇಲ್ಲ. ನೀವು ಹೊರಡುವ ಮುಂಚೆ ಸೋಷಿಯಲ್ ಸೆಕ್ಯುರಿಟಿ ವೆಬ್‌ಸೈಟಿನಲ್ಲಿ ಖಾತೆ ತೆರೆದು ನಿಮ್ಮ ಎಣಿಕೆ ನೋಡಿ. ಕೆಲವೇ ತಿಂಗಳ ದುಡಿಮೆ ಬಾಕಿ ಇದ್ದರೆ ಮುಗಿಸಿ ಹೊರಡಿ.

ನನಗೆ ಆಸರೆಯಾದದ್ದು ಟೋಟಲೈಸೇಷನ್ ಒಪ್ಪಂದ. 1978ರಲ್ಲಿ ಇಟಲಿಯಿಂದ ಶುರುವಾಗಿ ಈಗ 30 ದೇಶಗಳ ಜೊತೆ ಅಮೆರಿಕಕ್ಕೆ ಇಂಥ ಒಪ್ಪಂದ ಇದೆ. ಜರ್ಮನಿ, ಬ್ರಿಟನ್, ಕೆನಡಾ, ಜಪಾನ್, ದಕ್ಷಿಣ ಕೊರಿಯಾ, ಆಸ್ಟ್ರೇಲಿಯಾ ಅದರಲ್ಲಿವೆ. ಭಾರತ ಇಲ್ಲ, ಯುಎಇ ಇಲ್ಲ, ಸಿಂಗಪುರ ಇಲ್ಲ. ಇದು ಎರಡು ಕೆಲಸ ಮಾಡುತ್ತದೆ. ಒಂದು, ಒಂದೇ ಸಂಬಳಕ್ಕೆ ಎರಡೂ ದೇಶಕ್ಕೆ ಪಿಂಚಣಿ ತೆರಿಗೆ ಕಟ್ಟುವುದು ತಪ್ಪುತ್ತದೆ. ಅಮೆರಿಕದ ಕಂಪನಿ ಐದು ವರ್ಷದೊಳಗಿನ ಅವಧಿಗೆ ಕಳಿಸಿದರೆ ಅಮೆರಿಕಕ್ಕೇ ಕಟ್ಟುತ್ತಾ, ಅದರ ಪ್ರಮಾಣಪತ್ರವನ್ನು ಆ ದೇಶಕ್ಕೆ ತೋರಿಸಬೇಕು. ಎರಡು, ಅಮೆರಿಕದಲ್ಲಿ ಕನಿಷ್ಠ 6 ಕ್ರೆಡಿಟ್ ಇದ್ದರೆ, ಆ ದೇಶದಲ್ಲಿ ದುಡಿದ ಅವಧಿಯನ್ನೂ ಸೇರಿಸಿ ಅರ್ಹತೆ ನೋಡುತ್ತಾರೆ. ಪಿಂಚಣಿಯ ಮೊತ್ತ ಮಾತ್ರ ಅಮೆರಿಕದಲ್ಲಿ ದುಡಿದ ಪಾಲಿಗಷ್ಟೇ.

ಜರ್ಮನಿಯ ಸರ್ಕಾರಿ ಪಿಂಚಣಿಗೆ ಸಂಬಳದ ಶೇಕಡಾ 18.6 ಹೋಗುತ್ತದೆ, ಅರ್ಧ ನಾನು, ಅರ್ಧ ಕಂಪನಿ. ಐದು ವರ್ಷ ಕಟ್ಟಿದರೆ ಅಲ್ಲಿನ ಪಿಂಚಣಿಯ ಹಕ್ಕು ಬರುತ್ತದೆ. ನನಗೆ ಅದು 2024ರಲ್ಲಿ ಬಂತು. ಮೊದಲು ಹೊರದೇಶದ ಪಿಂಚಣಿ ಬಂದರೆ ಅಮೆರಿಕದ್ದನ್ನು ಕಡಿಮೆ ಮಾಡುವ ಒಂದು ನಿಯಮ ಇತ್ತು. 2025ರ ಜನವರಿ 5ರಂದು ಸಹಿಯಾದ ಕಾನೂನು ಅದನ್ನು ತೆಗೆದುಹಾಕಿದೆ. ಅದು ನಮ್ಮಂಥವರಿಗೆ ನಿಜವಾದ ನೆಮ್ಮದಿ.

ಸ್ವಂತ ಉದ್ಯೋಗ ಮಾಡುವವರು ಒಂದು ಮಾತು ಗಮನಿಸಿ. ಒಪ್ಪಂದ ಇಲ್ಲದ ದೇಶದಲ್ಲಿ ಶೇಕಡಾ 15.3ರ ಸ್ವಯಂ ಉದ್ಯೋಗ ತೆರಿಗೆ ಕಟ್ಟಲೇಬೇಕು. ಫಾರ್ಮ್ 2555 ಅದನ್ನು ಮುಟ್ಟುವುದಿಲ್ಲ. ಕಟ್ಟಿದ್ದು ವ್ಯರ್ಥವಲ್ಲ, ಅದರಿಂದ ಕ್ರೆಡಿಟ್ ಸೇರುತ್ತದೆ.

ವರದಿಗಳು ಮತ್ತು ದಿನಾಂಕಗಳು

ಹೊರದೇಶದ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರ್ ದಾಟಿದರೆ ಎಫ್‌ಬಾರ್ ಅನ್ನುವ ಖಾತೆ ವಿವರದ ವರದಿ ಸಲ್ಲಿಸಬೇಕು. ಗಡುವು ಏಪ್ರಿಲ್ 15, ತಾನಾಗೇ ಅಕ್ಟೋಬರ್ 15ರವರೆಗೆ ವಿಸ್ತರಣೆ. ಹೊರದೇಶದಲ್ಲಿ ವಾಸಿಸುವ ಒಂಟಿ ಸಲ್ಲಿಕೆದಾರರ ಹೊರದೇಶದ ಹಣಕಾಸು ಆಸ್ತಿ ವರ್ಷದ ಕೊನೆಗೆ 2,00,000 ಅಥವಾ ಯಾವುದೇ ದಿನ 3,00,000 ಡಾಲರ್ ದಾಟಿದರೆ ಫಾರ್ಮ್ 8938 ಕೂಡ. ಜಂಟಿಯಾಗಿ ಸಲ್ಲಿಸುವವರಿಗೆ ಇದರ ಎರಡರಷ್ಟು.

ಇಷ್ಟು ವರ್ಷ ಏನೂ ಸಲ್ಲಿಸಿಲ್ಲ, ಗೊತ್ತೇ ಇರಲಿಲ್ಲ ಅನ್ನುವವರು ಹೆದರಿ ಕೂರಬೇಡಿ. ಬೇಕೆಂದೇ ಮುಚ್ಚಿಟ್ಟಿದ್ದಲ್ಲ ಅಂತಾದರೆ ಸ್ಟ್ರೀಮ್‌ಲೈನ್ಡ್ ಅನ್ನುವ ವ್ಯವಸ್ಥೆ ಇದೆ. ಮೂರು ವರ್ಷದ ರಿಟರ್ನ್, ಆರು ವರ್ಷದ ಎಫ್‌ಬಾರ್, ಜೊತೆಗೆ ನಡೆದದ್ದನ್ನು ವಿವರಿಸುವ ಹೇಳಿಕೆ. ಹೊರದೇಶದಲ್ಲಿ ಇದ್ದವರಿಗೆ ಅದರಲ್ಲಿ ದಂಡ ಇಲ್ಲ. ಐಆರ್‌ಎಸ್ ನಿಮಗೆ ಪತ್ರ ಬರೆಯುವ ಮುಂಚೆ ನೀವೇ ಹೋಗಬೇಕು.

ಕೊನೆಯದಾಗಿ ಒಂದು ದಿನಾಂಕ. ಹೊರದೇಶದಲ್ಲಿರುವವರಿಗೆ ರಿಟರ್ನ್ ಸಲ್ಲಿಸಲು ಜೂನ್ 15ರವರೆಗೆ ತಾನಾಗೇ ಸಮಯ ಸಿಗುತ್ತದೆ. ಐಆರ್‌ಎಗೆ ದುಡ್ಡು ಹಾಕಲು ಸಿಗುವುದಿಲ್ಲ. ಅದರ ಗಡುವು ಎಲ್ಲರಿಗೂ ಏಪ್ರಿಲ್ 15. ಯೂರೋ ಡಾಲರ್ ಆಗಿ, ಬ್ಯಾಂಕಿನಿಂದ ಬ್ಯಾಂಕಿಗೆ ದಾಟಿ, ಖಾತೆ ಸೇರಲು ಕೆಲವು ದಿನ ಬೇಕು. ಅದಕ್ಕೇ ನಾನು ಹಿಂದಿನ ವರ್ಷದ ಸಂಬಳದ ಲೆಕ್ಕವನ್ನು ಫೆಬ್ರವರಿಯಲ್ಲೇ ಮುಗಿಸಿ, ಮಾರ್ಚ್ ಮೊದಲ ವಾರ ದುಡ್ಡು ಕಳಿಸುತ್ತೇನೆ. ಕಳಿಸುವಾಗ ಯಾವ ವರ್ಷಕ್ಕೆ ಅನ್ನುವುದನ್ನು ಆಯ್ಕೆ ಮಾಡುವ ಜಾಗ ಪರದೆಯ ಮೇಲೆ ಇರುತ್ತದೆ. ಅದನ್ನು ಎರಡು ಸಲ ನೋಡಿ ಒತ್ತಿ.